ಎರಡನೇ ಸರ್ವರಿನ ಹೆಸರು ಬರೆದರಷ್ಟೇ ಸಾಲದು

ವೈಟ್‌ಫೀಲ್ಡ್‌ನಿಂದ ಸಮೇತನಹಳ್ಳಿ ಹಾದು ಹೊಸಕೋಟೆಯತ್ತ ಹೋದರೆ, ಹೊಲಗಳಿದ್ದ ಜಾಗದಲ್ಲಿ ಈಗ ಗೋದಾಮುಗಳು, ಕಚೇರಿಗಳು ಎದ್ದಿವೆ. ಇಂಥ ಕಡೆ ಒಂದು ಕಂಪ್ಯೂಟರಿಗೆ ಕೇಬಲ್ ಚುಚ್ಚಿದ ಕೂಡಲೇ ಅದನ್ನು ಜಾಲದೊಳಗೆ ಬಿಡಬೇಕೋ ಬೇಡವೋ ಎಂದು ಸ್ವಿಚ್, ದೃಢೀಕರಣ ನೋಡಿಕೊಳ್ಳುವ ರೇಡಿಯಸ್ ಸರ್ವರನ್ನು ಕೇಳುತ್ತದೆ. ಸರ್ವರ್ ಎಷ್ಟೋ ಸಲ ನಗರದ ಡೇಟಾ ಸೆಂಟರಿನಲ್ಲಿರುತ್ತದೆ. ನಡುವೆ ರಸ್ತೆ ಅಗೆದು ಫೈಬರ್ ತುಂಡಾದರೆ ಏನು ಗತಿ? ಕಾನ್ಫಿಗರೇಷನ್‌ನಲ್ಲಿ ಎರಡನೇ ಸರ್ವರಿನ ಹೆಸರು ಸೇರಿಸಿ ‘ಫೇಲ್‌ಓವರ್ ಆಯ್ತು’ ಎಂದು ಕೈ ತೊಳೆದುಕೊಳ್ಳುವುದು ನಮ್ಮ ರೂಢಿ. ಈ ರೂಢಿ ಅರೆಬರೆ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ರೇಡಿಯಸ್ 1990ರ ದಶಕದ ಡಯಲ್‌ಅಪ್ ಕಾಲದ್ದು, ಯುಡಿಪಿ ಮೇಲೆ ನಡೆಯುವಂಥದ್ದು. ಆಚೆ ಬದಿ ಸತ್ತಿದೆಯೇ ಎಂದು ತಿಳಿಯಲು ಸ್ವಿಚ್ ಕಾದು ನೋಡಬೇಕು. ಸಿಸ್ಕೊ ಐಒಎಸ್‌ನಲ್ಲಿ ನಾವು ಬದಲಿಸದಿದ್ದರೆ ಟೈಮ್‌ಔಟ್ 5 ಸೆಕೆಂಡು, ಮರುಪ್ರಯತ್ನ 3. ಮೊದಲ ಯತ್ನವೂ ಸೇರಿ 20 ಸೆಕೆಂಡು ಕಳೆದ ಮೇಲೆ ಎರಡನೇ ಸರ್ವರಿನ ಸರದಿ. ಡೆಡ್‌ಟೈಮ್ (ಸತ್ತ ಸರ್ವರನ್ನು ಬದಿಗಿಡುವ ಅವಧಿ) ಸೊನ್ನೆಯಲ್ಲೇ ಉಳಿದಿದ್ದರೆ ಸ್ವಿಚ್ ಅದನ್ನು ಬದಿಗಿಡುವುದೇ ಇಲ್ಲ. ಮುಂದಿನ ಯಂತ್ರವೂ ಅಷ್ಟೇ ಹೊತ್ತು ಕಾಯಬೇಕು. ಪಾಳಿ ಬದಲಾಗುವ ಹೊತ್ತಿನಲ್ಲಿ ಇದು ಕೆಲಸ ನಿಲ್ಲಿಸುವಷ್ಟು ದೊಡ್ಡ ತೊಂದರೆ.

ಇನ್ನೂ ಒಂದು ವಿಷಯ ಹಲವರ ಗಮನಕ್ಕೇ ಬರುವುದಿಲ್ಲ. ‘ಬೇಡ’ ಎಂಬುದೂ ಉತ್ತರವೇ. ಸರ್ವರ್ ಬದುಕಿದ್ದು, ಅದರ ಹಿಂದಿನ ಬಳಕೆದಾರರ ಡೈರೆಕ್ಟರಿ ಕೆಟ್ಟು ಎಲ್ಲರನ್ನೂ ನಿರಾಕರಿಸುತ್ತ ಕೂತರೆ ಸ್ವಿಚ್ ಎರಡನೆಯದರ ಕಡೆ ತಿರುಗಿಯೂ ನೋಡದು.

ಆದರೆ ನನಗೆ ಹೆಚ್ಚು ಸಂಕಟವಾಗುವುದು ಅಕೌಂಟಿಂಗ್, ಅಂದರೆ ಯಾರು ಯಾವಾಗ ಒಳಬಂದು ಹೊರಹೋದರು ಎಂಬ ಲೆಕ್ಕದ ವಿಷಯದಲ್ಲಿ. ದೃಢೀಕರಣ ನಿಂತರೆ ಫೋನುಗಳು ಬರುತ್ತವೆ. ಲೆಕ್ಕ ನಿಂತರೆ ಯಾರೂ ಕೇಳುವುದಿಲ್ಲ. 2000ದ ಆರ್‌ಎಫ್‌ಸಿ 2866, ಅಂದರೆ ರೇಡಿಯಸ್ ಅಕೌಂಟಿಂಗನ್ನು ವಿವರಿಸುವ ಕಡತ, ಈ ವಿಷಯದಲ್ಲಿ ಕಟ್ಟುನಿಟ್ಟು: ದಾಖಲೆ ಬರೆದುಕೊಳ್ಳಲಾಗದಿದ್ದರೆ ಸರ್ವರ್ ಉತ್ತರ ಕಳಿಸಕೂಡದು. ಅಂದರೆ ಆ ಮೌನಕ್ಕೂ ಅರ್ಥವಿದೆ, ಸ್ವಿಚ್ ಬೇರೆಡೆ ಹೋಗಲಿ ಎಂದು. ಹಾಗೆ ಹೋದಾಗ ಒಬ್ಬರು ಒಳಬಂದ ‘ಸ್ಟಾರ್ಟ್’ ದಾಖಲೆ ಮೊದಲ ಸರ್ವರಿನಲ್ಲಿ, ಹೊರಹೋದ ‘ಸ್ಟಾಪ್’ ದಾಖಲೆ ಎರಡನೆಯದರಲ್ಲಿ ಉಳಿಯುತ್ತದೆ. ಎರಡನ್ನೂ ಸೆಷನ್ ಗುರುತಿನಿಂದ ಹೊಂದಿಸದಿದ್ದರೆ ಆ ವ್ಯಕ್ತಿ ಯಾವತ್ತೂ ಹೊರಗೇ ಹೋಗಲಿಲ್ಲವೆಂದು ಲೆಕ್ಕದ ಪುಸ್ತಕ ಹೇಳುತ್ತದೆ. ತಡವಾಗಿ ತಲುಪಿದ ಪ್ಯಾಕೆಟ್ಟಿನ ಸಮಯ ಸರಿಪಡಿಸಲು ವಿಳಂಬದ ಸೆಕೆಂಡುಗಳನ್ನು ತಿಳಿಸುವ ಅಂಶವೂ ಆ 2866ರಲ್ಲೇ ಇದೆ. ಲೆಕ್ಕ ಹಾಕುವಾಗ ಅದನ್ನು ಕಳೆಯಬೇಕು. ಎರಡೂ ಸರ್ವರುಗಳು ಒಂದೇ ಡೇಟಾಬೇಸಿಗೆ ಬರೆಯುವುದು, ಇಲ್ಲವೇ ಸ್ವಿಚ್ ಎರಡಕ್ಕೂ ಲೆಕ್ಕ ಕಳಿಸುವುದು, ಜೊತೆಗೆ ನಡುನಡುವೆ ಇಂಟರಿಮ್ ಅಪ್‌ಡೇಟ್: ಇಷ್ಟನ್ನಾದರೂ ಮಾಡಲೇಬೇಕು. ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್‌-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಲು, ಗಡಿಯಾರಗಳನ್ನು ಎನ್‌ಟಿಪಿಯಿಂದ ಹೊಂದಿಸಲು ಹೇಳುತ್ತದೆ. ಬರೆದೇ ಇಲ್ಲದ ಲಾಗನ್ನು ಎಷ್ಟು ದಿನ ಇಟ್ಟುಕೊಂಡರೇನು?

ಎರಡೂ ಸರ್ವರ್ ಸಿಗದಾಗ ಪೋರ್ಟನ್ನು ಸೀಮಿತ ವಿ-ಲ್ಯಾನ್‌ಗೆ ಹಾಕುವ ಸೌಲಭ್ಯ ಒಳ್ಳೆಯದೇ. ಆದರೆ ಅದರಲ್ಲಿ ಮುದ್ರಕ, ಸ್ಕ್ಯಾನರಿಗೆ ಬೇಕಾದಷ್ಟೇ ದಾರಿ ಇರಲಿ. ಡೆಡ್‌ಟೈಮನ್ನು ನಾನಾದರೆ 10–15 ನಿಮಿಷಕ್ಕೆ ಇಟ್ಟು, ಪರೀಕ್ಷಾ ಬಳಕೆದಾರನ ಹೆಸರಿನಲ್ಲಿ ಸ್ವಿಚ್ ಆಗಾಗ ಸರ್ವರನ್ನು ವಿಚಾರಿಸುವಂತೆ ಮಾಡುತ್ತೇನೆ. ಆಮೇಲೆ ಮೊದಲ ಸರ್ವರಿನ ಸೇವೆಯನ್ನು ಹಗಲಲ್ಲೇ ನಿಲ್ಲಿಸಿ, ಒಂದು ಲಾಗಿನ್‌ಗೆ ಎಷ್ಟು ಸೆಕೆಂಡು ಹಿಡಿಯಿತು, ಅದರ ಸ್ಟಾರ್ಟ್ ಮತ್ತು ಸ್ಟಾಪ್ ಎಲ್ಲಿ ದಾಖಲಾದವು ಎಂದು ನೋಡಬೇಕು.