ಸಬ್‌ಟೈಟಲಿಗೆ ಸಿಗದ ಬುಸಾನ್

ಕೊರಿಯನ್ ಧಾರಾವಾಹಿಗಳನ್ನು ಸಬ್‌ಟೈಟಲ್ ಓದಿಕೊಂಡು ನೋಡುವ ನಮ್ಮಂಥವರ ಪಾಲಿಗೆ ಅಲ್ಲಿನವರೆಲ್ಲ ಒಂದೇ ಇಂಗ್ಲಿಷ್ ಮಾತಾಡುತ್ತಾರೆ. 2012ರಲ್ಲಿ ಟಿವಿಎನ್ ಚಾನೆಲ್ಲಿನಲ್ಲಿ ಬಂದ ‘ರಿಪ್ಲೈ 1997’ ನೋಡುವಾಗ ಇದರಿಂದಾಗುವ ನಷ್ಟ ದೊಡ್ಡದು. ಶಿನ್ ವೊನ್-ಹೊ ನಿರ್ದೇಶಿಸಿದ ಈ 16 ಕಂತುಗಳ ಕಥೆಯಲ್ಲಿ ಬುಸಾನಿನ ಹೈಸ್ಕೂಲು ಮಕ್ಕಳ ಬಾಯಲ್ಲಿರುವುದು ಸೋಲ್‌ನ ಶಿಷ್ಟ ಭಾಷೆಯಲ್ಲ, ಗ್ಯೊಂಗ್‌ಸಾಂಗ್ ಸೀಮೆಯ ಮಾತು. ಶಿಷ್ಟ ಭಾಷೆ ಕಳೆದುಕೊಂಡ ಸ್ವರದ ಏರಿಳಿತ ಆ ಸೀಮೆಯಲ್ಲಿ ಇನ್ನೂ ಇದೆ. ಏರಿಸಿ ಹೇಳಿದರೆ ಒಂದರ್ಥ, ಇಳಿಸಿದರೆ ಇನ್ನೊಂದು.

ನಾಯಕಿ ಶಿ-ವೊನ್ ಆಗಿರುವ ಜಂಗ್ ಉನ್-ಜಿ ಬುಸಾನಿನವರೇ. ನಟನೆ ಅವರಿಗೆ ಹೊಸದು, ಮಾತು ಹೊಸದಲ್ಲ. ಬೈಗುಳ ಎಲ್ಲಿ ಮುಗಿದು ಸಲಿಗೆ ಎಲ್ಲಿ ಶುರುವಾಯಿತೆಂದು ಗೊತ್ತೇ ಆಗುವುದಿಲ್ಲ. ಸೋಲ್‌ನಿಂದ ವರ್ಗವಾಗಿ ಬರುವ ಹಾಕ್-ಚಾನ್‌ನದು ಟಿವಿಯ, ಪಠ್ಯಪುಸ್ತಕದ ಭಾಷೆ. ಆದರೆ ಈ ಗುಂಪಿನಲ್ಲಿ ಹೊರಗಿನವನು ಅವನೇ. ರಾಜಧಾನಿಯ ಮಾತು ಹೀಗೆ ಒಂಟಿಯಾಗುವುದನ್ನು ನೋಡಿ, ಸುಳ್ಳೇಕೆ, ನನಗೆ ಖುಷಿಯಾಯಿತು.

ಇನ್ನೂ ಸೂಕ್ಷ್ಮವಾದದ್ದು ‘ಒಪ್ಪಾ’ ಎಂಬ ಕರೆ. ಹುಡುಗಿ ತನಗಿಂತ ದೊಡ್ಡ ಹುಡುಗನನ್ನು ಕರೆಯುವ ಮಾತದು. ಕರೆಸಿಕೊಂಡವನು ಅಣ್ಣನೂ ಇರಬಹುದು, ಪ್ರಿಯಕರನೂ ಇರಬಹುದು. ಎಚ್.ಒ.ಟಿ. ತಂಡದ ಟೋನಿ ಶಿ-ವೊನ್‌ಗೆ ಒಪ್ಪಾ. ಅವನಿಗೆ ಈ ಹುಡುಗಿ ಯಾರೆಂದೇ ಗೊತ್ತಿಲ್ಲ. ಯೂನ್-ಜೆಯ ಅಣ್ಣನೂ ಒಪ್ಪಾ. ಕೂಡಿ ಬೆಳೆದ ಓರಗೆಯ ಯೂನ್-ಜೆಗೆ ಮಾತ್ರ ಬರೀ ಹೆಸರು, ಬನ್‌ಮಲ್. ಬನ್‌ಮಲ್ ಎಂದರೆ ನಮ್ಮ ಏಕವಚನದ ಹಾಗೆ, ಆದರೆ ಸಲಿಗೆ ಕೂತಿರುವುದು ‘ನೀನು’ ಎಂಬಲ್ಲಿ ಮಾತ್ರವಲ್ಲ, ಪ್ರತಿ ಕ್ರಿಯಾಪದದ ತುದಿಯಲ್ಲಿ. ಇಬ್ಬರ ಪ್ರೀತಿ ಇರುವುದೇ ಆ ಬಿರುಸು ಮಾತಿನಲ್ಲಿ. ಸಬ್‌ಟೈಟಲಿನಲ್ಲಿ ಉಳಿಯುವುದು ಜಗಳ ಮಾತ್ರ.

ನನ್ನ ತಕರಾರು ಒಂದಿದೆ. ಕ್ಯಾಸೆಟ್ಟು, ಪೇಜರುಗಳ ಸಾಲಿನಲ್ಲೇ ಊರಮಾತನ್ನೂ ಇಟ್ಟು ಧಾರಾವಾಹಿ ಅದನ್ನು ನೆನಪಿನ ಸಾಮಾನು ಮಾಡುತ್ತದೆ. ಊರು ಬಿಟ್ಟ ಮೇಲೆ ಆ ಮಾತಿಗೆ ತೆರಬೇಕಾದ ಬೆಲೆಯಲ್ಲಿ ಅದಕ್ಕೆ ಅಷ್ಟು ಆಸಕ್ತಿಯಿಲ್ಲ. ಬೆಲೆ ಇದ್ದೇ ಇರುತ್ತದೆ. ಧಾರವಾಡದಿಂದ ಪುಣೆಯ ಹಾಸ್ಟೆಲಿಗೆ ಬಂದ ಮೊದಲ ವಾರದಲ್ಲೇ, ಬೆಂಗಳೂರಿನ ರೂಮ್‌ಮೇಟುಗಳು ನಕ್ಕರೆಂದು ‘ಹೋಗೂಣು’ ಬಿಟ್ಟು ‘ಹೋಗೋಣ’ ಕಲಿತವನು ನಾನು. ಅವ್ವನ ಫೋನ್ ಬಂದರೆ ಹೊರಗೆ ವರಾಂಡಕ್ಕೆ ಹೋಗಿ ಮಾತಾಡುತ್ತಿದ್ದೆ.