ಯಕ್ಷಗಾನದ ಆಟವನ್ನು ವಿಡಿಯೋಗೆ ಇಳಿಸುವ ಬಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ, ಮಳೆಗಾಲ ಹತ್ತಿರವಾಗುವ ತನಕ ರಾತ್ರಿ ಎಲ್ಲಾದರೂ ಒಂದು ಕಡೆ ಆಟ ಇದ್ದೇ ಇರುತ್ತದೆ. ಆಟ ಇದ್ದಲ್ಲಿ ಈಗ ಕ್ಯಾಮೆರಾವೂ ಇರುತ್ತದೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯಂಥ ಮೇಳಗಳ ಹರಕೆ ಆಟ ಆಡಿಸುವ ಮನೆಯವರಲ್ಲಿ ಕೆಲವರು ಶಾಮಿಯಾನದ ಜೊತೆಗೇ ಲೈವ್ ವ್ಯವಸ್ಥೆಯನ್ನೂ ಮಾಡಿಸುತ್ತಾರೆ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳ ಆಟ ಪ್ರೇಕ್ಷಕರ ಮೊಬೈಲಿನಲ್ಲಿ ತುಣುಕು ತುಣುಕಾಗಿ ಉಳಿಯುತ್ತದೆ. ಇಷ್ಟೊಂದು ದಾಖಲೆ ಯಕ್ಷಗಾನಕ್ಕೆ ಹಿಂದೆಂದೂ ಸಿಕ್ಕಿದ್ದಿಲ್ಲ. ಅದರ ಗುಣದ ಬಗ್ಗೆ ಮಾತ್ರ ಅದೇ ಮಾತು ಹೇಳುವಂತಿಲ್ಲ.

ಆಟದಲ್ಲಿ ದಾಖಲಾಗಬೇಕಾದದ್ದು ಯಾವುದು ಎಂಬಲ್ಲಿಂದಲೇ ಎಡವಟ್ಟು ಶುರು. ಪ್ರಸಂಗದ ಪದ್ಯಗಳು ಮುದ್ರಿತ ಪುಸ್ತಕದಲ್ಲಿವೆ. ಪದ್ಯದ ಮೇಲೆ ಆಡುವ ಮಾತಿಗೆ, ಅಂದರೆ ಅರ್ಥಕ್ಕೆ ಪುಸ್ತಕವಿಲ್ಲ, ವೇಷಧಾರಿ ಅದನ್ನು ರಂಗದ ಮೇಲೆಯೇ ಕಟ್ಟುತ್ತಾನೆ. ಎದುರು ವೇಷದ ಪಟ್ಟು ಬದಲಾದರೆ ಇವನ ಉತ್ತರವೂ ಬದಲಾಗುತ್ತದೆ, ಸಭೆ ನೋಡಿ ಮಾತು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಬೆಳಗಾದರೆ ಆ ಮಾತು ಎಲ್ಲಿಯೂ ಉಳಿಯುವುದಿಲ್ಲ. ಯಂತ್ರದ ಅಗತ್ಯ ಹೆಚ್ಚು ಇರುವುದು ಇಲ್ಲಿ. ಆದರೆ ಕ್ಯಾಸೆಟ್ಟಿನಿಂದ ಮೊಬೈಲಿನ ತನಕ ಯಂತ್ರ ಹಿಡಿದವರೆಲ್ಲ ಪದ್ಯದ ಹಿಂದೆಯೇ ಓಡಿದ್ದಾರೆ. ಅರ್ಥಕ್ಕೆ ನ್ಯಾಯ ಸಿಕ್ಕಿದ್ದು ಹೆಚ್ಚಾಗಿ ತಾಳಮದ್ದಲೆಯ ಧ್ವನಿಮುದ್ರಣಗಳಲ್ಲಿ ಮತ್ತು 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಯಕ್ಷಗಾನ ಪ್ರಸಾರಗಳಲ್ಲಿ. ಅಲ್ಲಿ ಕುಣಿತವಿಲ್ಲದ್ದರಿಂದ ಮಾತಿಗೆ ಜಾಗ ಸಿಕ್ಕಿತು.

ಕ್ಯಾಸೆಟ್ ಕಾಲದ ಆಯ್ಕೆಗೆ ಒಂದು ಕಾರಣವಿತ್ತು. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಹಿಡಿಯುವುದು 45 ನಿಮಿಷ. ಇಡೀ ರಾತ್ರಿಯ ಆಟವನ್ನು ಅದರೊಳಗೆ ತುರುಕಬೇಕಾದರೆ ಮೊದಲು ಕತ್ತರಿ ಬೀಳುವುದು ಮಾತಿಗೆ. ಹಾಗೆಂದು ಕ್ಯಾಸೆಟ್ಟನ್ನು ಹೀಗಳೆಯುವುದು ಸಲ್ಲ. ಭಾಗವತ ಗುಂಡ್ಮಿ ಕಾಳಿಂಗ ನಾವಡರು (1958–1990) ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೆ ಹುಟ್ಟಿದವರಿಗೂ ಅವರ ಸ್ವರ ಪರಿಚಿತವಾಗಿದ್ದರೆ ಅದು ಈ ಸುರುಳಿಗಳ ಪುಣ್ಯ. ಪುಸ್ತಕದಲ್ಲಿ ಪದ್ಯದ ಅಕ್ಷರವಿದೆ, ತಲೆಯ ಮೇಲೆ ರಾಗ ತಾಳದ ಹೆಸರಿದೆ. ನಾವಡರು ಸ್ವರವನ್ನು ಎಲ್ಲಿ ಎಳೆದರು, ಎಲ್ಲಿ ಬಿಟ್ಟರು ಎಂಬುದು ಅಲ್ಲಿಲ್ಲ. ಅಡ್ಡಪರಿಣಾಮವೂ ಆಯಿತೆನ್ನಿ. ಒಂದು ರಾತ್ರಿಯ ಒಂದು ಧಾಟಿ ಸುರುಳಿಯಲ್ಲಿ ನಿಂತುಬಿಟ್ಟಿತು, ಕಲಿಯುವವರು ಅದನ್ನೇ ಅಚ್ಚೊತ್ತಿದರು, ಕೇಳುಗರೂ ಅದನ್ನೇ ಬಯಸಿದರು.

ವಿಡಿಯೋ ಕ್ಯಾಸೆಟ್ ಬಂದಾಗ ಅವಧಿ ಮೂರು ಗಂಟೆಗೆ ಏರಿತು. ಆಗಲೂ ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷಗಳ ಪೂರ್ವರಂಗ ಹೊರಗುಳಿಯಿತು. ಇಂದಿನ ಮೆಮೊರಿ ಕಾರ್ಡಿಗೆ ಅವಧಿಯ ಅಡ್ಡಿಯಿಲ್ಲ. ಆದರೂ ಅನೇಕ ದಾಖಲೆಗಳು ಮುಖ್ಯ ವೇಷಗಳು ರಂಗಕ್ಕೆ ಬರುವ ಒಡ್ಡೋಲಗದಿಂದಲೇ ಶುರುವಾಗುತ್ತವೆ. ಹಳೆಯ ಕೊರತೆ ಹೋಗಿದೆ, ಅದು ಕಲಿಸಿದ ಅಭ್ಯಾಸ ಹೋಗಿಲ್ಲ.

ಕ್ಯಾಮೆರಾ ನಿಲ್ಲಿಸುವ ಕ್ರಮದಲ್ಲಿಯೂ ಇದೇ ಕಥೆ. ಈ ಸೀಮೆಯ ಶೈಲಿಯಾದ ಬಡಗುತಿಟ್ಟಿನ ಹೆಗ್ಗುರುತು ಕಾಲಿನಲ್ಲಿದೆ. ವೇಷಧಾರಿ ಮೊಣಕಾಲೂರಿ ರಂಗದ ಸುತ್ತ ತಿರುಗುವ ಮಂಡಿ ಶುರುವಾಗುವ ಹೊತ್ತಿಗೆ ಕ್ಯಾಮೆರಾದವರು ಮುಖಕ್ಕೆ ಝೂಮ್ ಮಾಡಿದ್ದರೆ, ದಾಖಲೆಯಲ್ಲಿ ಉಳಿಯುವುದು ಕೇದಗೆ ಮುಂದಲೆಯ ತುದಿ ಮತ್ತು ಹಿಂದಿನ ಬ್ಯಾನರ್. ಮುಖಕ್ಕೆ ಹತ್ತಿರ ಹೋಗಬೇಕಾದದ್ದು ಸಂವಾದದ ಹೊತ್ತಿನಲ್ಲಿ. ಆಗ ಕ್ಯಾಮೆರಾ ದೂರದಲ್ಲಿ ಸುಮ್ಮನೆ ನಿಂತಿರುತ್ತದೆ. ರಂಗದ ಅಗಲವನ್ನು ಪೂರ್ತಿ ಹಿಡಿಯುವ, ಅಲುಗಾಡದ ಒಂದು ಕ್ಯಾಮೆರಾ, ಮಾತಿಗೆಂದು ಇನ್ನೊಂದು ಇದ್ದರೆ ಸಾಕು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಶಟರನ್ನು ಸೆಕೆಂಡಿನ 1/50ಕ್ಕೆ ಇಟ್ಟರೆ ಟ್ಯೂಬಿನ ಬೆಳಕಿನ ಮಿಣುಕು ಬಹುಮಟ್ಟಿಗೆ ತಪ್ಪುತ್ತದೆ.

ಚಿತ್ರಕ್ಕಿಂತ ದೊಡ್ಡ ಸೋಲು ಧ್ವನಿಯದ್ದು. ಮೊಬೈಲಿನ ಮೈಕ್ ಧ್ವನಿಯ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಚಂಡೆಯ ಪೆಟ್ಟು ಬಿದ್ದ ಕೂಡಲೇ ಅದು ಎಲ್ಲವನ್ನೂ ತಗ್ಗಿಸುತ್ತದೆ, ಭಾಗವತರ ಸ್ವರವೂ ಅದರೊಡನೆ ಮುಳುಗುತ್ತದೆ. ಚಂಡೆ ನಿಂತಾಗ ಮಟ್ಟ ಮೆಲ್ಲನೆ ಏರಿ, ಮೊದಲು ಕೇಳಿಸುವುದು ಗದ್ದೆಯಂಚಿನ ಜನರೇಟರು. ಅಷ್ಟರಲ್ಲಿ ಅರ್ಥದ ಮೊದಲ ವಾಕ್ಯ ಕಳೆದುಹೋಗಿರುತ್ತದೆ. ಪರಿಹಾರ ದುಬಾರಿಯದ್ದಲ್ಲ. ಮೈಕ್ ಸೆಟ್ಟಿನವರ ಮಿಕ್ಸರಿನಿಂದ ಒಂದು ವಯರ್ ನೇರ ರೆಕಾರ್ಡರಿಗೆ ಎಳೆದು, ಸಭೆಯ ಸದ್ದಿಗೆ ಬೇರೆ ಮೈಕ್ ಇಟ್ಟರಾಯಿತು. ಇಷ್ಟು ಮಾಡುವವರು ಈಗಲೂ ಕಡಿಮೆ.

ಲೈವ್ ಪ್ರಸಾರದ ದೋಷ ಬೇರೆ ಬಗೆಯದು. ಅದಕ್ಕೆ ಕಾರಣ ವಿಡಿಯೋವನ್ನು ಕುಗ್ಗಿಸಿ ಕಳಿಸುವ ವಿಧಾನ; ಆ ವಿಧಾನದ ಮೂಲ ಸೂತ್ರವನ್ನು 1985ರಲ್ಲಿ ಕಮೊಡೋರ್ ಕಂಪನಿ ಹೊರತಂದ ಅಮಿಗ ಕಂಪ್ಯೂಟರಿನಲ್ಲಿ ಸುಲಭವಾಗಿ ಕಾಣಬಹುದು. ಅದರ ಸಂಕೇತ ಟಿವಿಯ ಲಯಕ್ಕೇ ಹೊಂದುತ್ತಿತ್ತು. ಹಾಗಾಗಿ ಪರದೆಯ ಚಿತ್ರವನ್ನು ವಿಸಿಆರ್‌ಗೆ ಇಳಿಸುವುದು ಕಷ್ಟವಿರಲಿಲ್ಲ. ಕಂಪ್ಯೂಟರಿನೊಳಗೇ ಕೂಡಿಡಲು ಹೊರಟರೆ ಫಜೀತಿ. 320×256 ಚುಕ್ಕೆಗಳ, 32 ಬಣ್ಣದ ಒಂದು ಚಿತ್ರಕ್ಕೆ 51,200 ಬೈಟ್ ಬೇಕು. ಸೆಕೆಂಡಿಗೆ 25 ಚಿತ್ರವೆಂದರೆ, 880 ಕಿಲೋಬೈಟ್‌ನ ಅದರ ಫ್ಲಾಪಿಯಲ್ಲಿ ಒಂದು ಸೆಕೆಂಡೂ ಹಿಡಿಯದು. ಆದ್ದರಿಂದ ಅದರ ‘ಅನಿಮ್’ ಕಡತಗಳು ಹಿಂದಿನ ಚಿತ್ರಕ್ಕಿಂತ ಬದಲಾದಷ್ಟನ್ನು ಮಾತ್ರ ಬರೆದಿಟ್ಟು, ಮರಳಿ ತೋರಿಸುವಾಗ ಅಷ್ಟನ್ನೇ ತಿದ್ದುತ್ತಿದ್ದವು. ಇಂದಿನ ವಿಡಿಯೋ ವಿಧಾನಗಳು ಎಷ್ಟೋ ಪಾಲು ಜಾಣವಾಗಿದ್ದರೂ ಬದಲಾದದ್ದನ್ನಷ್ಟೇ ಕಳಿಸುವ ನೆಲೆ ಅದೇ. ಆಟದ ಮಟ್ಟಿಗೆ ಇದರ ಫಲ ವಿಚಿತ್ರ. ವೇಷ ಸುಮ್ಮನೆ ಕುಳಿತಾಗ ಸಿಂಹಾಸನದ ಜರಿಯೂ ನಿಚ್ಚಳ. ಯುದ್ಧದ ಕುಣಿತಕ್ಕೆ ಎದ್ದು ತಿರುಗಿದಾಗ, ನೆಟ್‌ವರ್ಕ್ ದುರ್ಬಲವಿದ್ದರೆ, ಇಡೀ ವೇಷ ಚೌಕ ಚೌಕವಾಗಿ ಒಡೆಯುತ್ತದೆ. ಲೈವ್ ಹೋದದ್ದನ್ನೇ ಮತ್ತೆ ಇಳಿಸಿಕೊಂಡು ದಾಖಲೆ ಎನ್ನುವುದು ತಪ್ಪು. ಕ್ಯಾಮೆರಾದ ಕಾರ್ಡಿನಲ್ಲಿರುವ ಮೂಲ ಪ್ರತಿಯೇ ದಾಖಲೆ.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ತಿರುಗಾಟ ನಡುವೆಯೇ ನಿಂತಾಗ ವಿಡಿಯೋ ಕಲಾವಿದರನ್ನೂ ಪ್ರೇಕ್ಷಕರನ್ನೂ ಒಂದಿಷ್ಟು ಹಿಡಿದಿಟ್ಟಿತು, ಅದನ್ನು ಒಪ್ಪಲೇಬೇಕು. ಡೇರೆ ಮೇಳದವರಿಗೆ ಟಿಕೆಟ್ ಗಲ್ಲೆಯ ಚಿಂತೆಯಿರುವುದರಿಂದ ಅವರು ಚಿತ್ರೀಕರಣ ಬೇಡವೆನ್ನುವುದರಲ್ಲಿಯೂ ನ್ಯಾಯವಿದೆ. ಆದರೆ ಸ್ಟೇಟಸ್ಸಿಗೆಂದು ಕತ್ತರಿಸಿದ ಅರ್ಧ ನಿಮಿಷದ ಪದ್ಯ ಯಾರ ಹೊಟ್ಟೆಯನ್ನೂ ತುಂಬದು. ಅದರಲ್ಲಿ ಪ್ರಸಂಗದ ಹೆಸರಿಲ್ಲ, ಊರಿಲ್ಲ, ತಾರೀಕಿಲ್ಲ. ಮದ್ದಳೆ, ಚಂಡೆಯವರ ಹೆಸರಂತೂ ಇಲ್ಲವೇ ಇಲ್ಲ. ಇಪ್ಪತ್ತು ವರ್ಷದ ನಂತರ ಅದನ್ನು ಗುರುತಿಸುವವರು ಯಾರು?

ಇದಕ್ಕಿಂತ ತುರ್ತಿನದು ಹಳೆಯ ಸುರುಳಿಗಳ ಸ್ಥಿತಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಟೇಪಿನ ಅಂಚಿಗೆ ಬಿಳಿ ಬೂಸು ಹಿಡಿಯುತ್ತದೆ. ಹಾಗೆಯೇ ಹಾಕಿ ಓಡಿಸಿದರೆ ಟೇಪೂ ಕೆಡುತ್ತದೆ, ಯಂತ್ರದ ಹೆಡ್ಡೂ ಕೆಡುತ್ತದೆ. ವಿಸಿಆರ್ ತಯಾರಿಕೆ 2016ಕ್ಕೇ ನಿಂತಿದೆ. ಮನೆಯ ಅಟ್ಟದಲ್ಲಿ ಆಟದ ಕ್ಯಾಸೆಟ್ ಇದ್ದವರು ಬೂಸು ತೆಗೆಸಿ, ಈ ಮಳೆಗಾಲಕ್ಕೆ ಮುಂಚೆಯೇ ಕಂಪ್ಯೂಟರಿಗೆ ಇಳಿಸಿಕೊಳ್ಳಲಿ. ಇಳಿಸುವಾಗ ಪದ್ಯವನ್ನಷ್ಟೇ ಹೆಕ್ಕದೆ ಮಾತನ್ನೂ ಪೂರ್ತಿ ಉಳಿಸಲಿ, ಕಡತದ ಹೆಸರಿನಲ್ಲಿ ಮೇಳ, ಪ್ರಸಂಗ, ಊರು, ತಾರೀಕು ಬರೆಯಲಿ.