ಹೆಗಲ ಮೇಲಿನ ಉಣ್ಣೆ

ಕೋಲಾರ ಜಿಲ್ಲೆಯ ಹುತ್ತೂರು ಕಡೆಯ ಬೀಳು ಜಮೀನಿನಲ್ಲಿ ಹೆಗಲಿಗೆ ಕಂಬಳಿ ಹಾಕಿ ಕೋಲೂರಿ ನಿಂತ ಕುರಿಗಾಹಿಗೆ ಒಂದು ಅಭ್ಯಾಸ: ನಡೆಯಲಾರದ ಮರಿಯನ್ನು ಎತ್ತಿ ಹೆಗಲಿಗೇರಿಸಿಕೊಳ್ಳುವುದು.

ಇದೇ ಚಿತ್ರ ಚರ್ಚಿನಲ್ಲೂ ಉಂಟು. ಈ ಜಿಲ್ಲೆಯ ಕಥೋಲಿಕ ಧರ್ಮಕೇಂದ್ರಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದವು. ಅದರ ಮಹಾಧರ್ಮಾಧ್ಯಕ್ಷರ ದಂಡದ ಬಾಗಿದ ತುದಿ ಕುರಿಗಾಹಿಯ ಕೋಲಿನದೇ ನೆನಪು. ಅದಕ್ಕಿಂತ ಚೆಂದದ್ದು ಅವರು ಕೊರಳ ಸುತ್ತ ಧರಿಸುವ ಪಾಲಿಯಂ. ಆರು ಕಪ್ಪು ಶಿಲುಬೆಗಳಿರುವ ಬಿಳಿ ಉಣ್ಣೆಪಟ್ಟಿ ಅದು, ಹೆಗಲ ಮೇಲೆ ಹೊತ್ತ ಮರಿಯ ಗುರುತು.

2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್, ಗುರುಗಳ ಮೈಗೆ ಕುರಿಗಳ ವಾಸನೆ ಹತ್ತಿರಬೇಕು ಎಂದರು. ಮಳೆಗೆ ನೆಂದ ಕಂಬಳಿಯ ಕಮಟು ಬಲ್ಲ ಈ ಸೀಮೆಯವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಪಾಸ್ಖ ಕಾಲದ ನಾಲ್ಕನೇ ಭಾನುವಾರ ಒಳ್ಳೆಯ ಕುರಿಗಾಹಿಯ ಶುಭಸಂದೇಶ ಓದುತ್ತಾರೆ. ಕೇಳುವವರು ಸುಮ್ಮನೆ ಹಿಂಬಾಲಿಸುವ ಮಂದೆಯಲ್ಲ. ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಗುರುಗಳ ಎದುರು ಕೂತು ಮಾತಾಡುವವರೂ ಅವರೇ.